ಚರ್ಚಿನ ಆಪ್ತಸಮಾಲೋಚನೆಗೆ ವಿಮೆ: ಎಲ್ಲಿ ಸಿಗುತ್ತದೆ, ಎಲ್ಲಿ ನಿಲ್ಲುತ್ತದೆ

ಯಲಹಂಕ ಉಪನಗರದಿಂದ ಹೆಬ್ಬಾಳದವರೆಗೆ ಬಳ್ಳಾರಿ ರಸ್ತೆಯ ಆಚೀಚಿನ ಬಡಾವಣೆಗಳಲ್ಲಿ ಚರ್ಚುಗಳಿಗೆ ಕೊರತೆಯಿಲ್ಲ. ಭಾನುವಾರದ ಆರಾಧನೆ ಮುಗಿದು ಎಲ್ಲರೂ ಹೊರಟ ಮೇಲೂ ಒಬ್ಬಿಬ್ಬರು ಬೆಂಚಿನಲ್ಲೇ ಕೂತಿರುತ್ತಾರೆ. ಮಗ ರಾತ್ರಿಯೆಲ್ಲ ಕಣ್ಣು ಮುಚ್ಚುತ್ತಿಲ್ಲ, ಗಂಡ ಕುಡಿತ ಬಿಡುತ್ತಿಲ್ಲ, ಹೆರಿಗೆಯಾದ ಮಗಳು ಮಗುವನ್ನು ಎತ್ತಿಕೊಳ್ಳಲೂ ಒಲ್ಲೆ ಅನ್ನುತ್ತಾಳೆ. ಇಂಥ ಸಂಗತಿಗಳು ಮೊದಲು ಹೋಗುವುದು ಪಾಸ್ಟರ್ ಅಥವಾ ಫಾದರ್ ಕಿವಿಗೇ. ಕೆಲವು ಕಡೆ ಇದಕ್ಕೆಂದೇ ಪ್ರತ್ಯೇಕ ಕೋಣೆ, ಗೊತ್ತಾದ ದಿನ, ತರಬೇತಿ ಪಡೆದ ಕೌನ್ಸೆಲರ್ ಇರುತ್ತಾರೆ. ಒಂದಿಷ್ಟು ಶುಲ್ಕವೂ ಇರುತ್ತದೆ. ವಾರಕ್ಕೊಂದು ಸಲದಂತೆ ಎರಡು ಮೂರು ತಿಂಗಳು ಹೋದರೆ ಮೊತ್ತ ಬೆಳೆಯುತ್ತದೆ. ಆಗ ಮನೆಯವರಿಗೆ ಬರುವ ಪ್ರಶ್ನೆ ಸಹಜವಾದದ್ದು: ವರ್ಷಾವರ್ಷ ಹೆಲ್ತ್ ಇನ್ಶೂರೆನ್ಸ್ ಕಟ್ಟುತ್ತೇವಲ್ಲ, ಇದು ಅದರಲ್ಲಿ ಬರುವುದಿಲ್ಲವೇ?

ನೇರವಾಗಿ ಹೇಳುವುದಾದರೆ ಬರುವುದಿಲ್ಲ. ಆದರೆ ಅದರ ಸುತ್ತಲಿನ ಬಹಳಷ್ಟು ಚಿಕಿತ್ಸೆ ಬರುತ್ತದೆ, ಅದು ಗೊತ್ತಿಲ್ಲದೆ ಜನ ಕೈಯಿಂದ ಹಣ ಹಾಕುತ್ತಾರೆ ಅಥವಾ ಚಿಕಿತ್ಸೆಯನ್ನೇ ಮುಂದೂಡುತ್ತಾರೆ. ಎರಡನೆಯದು ನನ್ನನ್ನು ಹೆಚ್ಚು ಚಿಂತೆಗೆ ಹಚ್ಚುತ್ತದೆ.

ವಿಮಾ ಕಂಪನಿ ಕೌನ್ಸೆಲರ್ ಯಾವ ಧರ್ಮದವರು, ಮಾತಿನ ನಡುವೆ ಪ್ರಾರ್ಥನೆ ಮಾಡಿದರೇ ಎಂದು ಕೇಳುವುದಿಲ್ಲ. ಅದು ಕೇಳುವುದು ಮೂರೇ: ರೋಗಿಗೆ ಇರುವ ಕಾಯಿಲೆ ಯಾವುದು, ಅದನ್ನು ಗುರುತಿಸಿ ಚಿಕಿತ್ಸೆ ಕೊಟ್ಟವರಿಗೆ ನೋಂದಣಿ ಇದೆಯೇ, ಚಿಕಿತ್ಸೆ ನಡೆದದ್ದು ಆಸ್ಪತ್ರೆಯ ಹಾಸಿಗೆಯಲ್ಲೋ ಹೊರರೋಗಿ ವಿಭಾಗದಲ್ಲೋ. ಚರ್ಚಿನ ಕೋಣೆಯಲ್ಲಿ ನಡೆಯುವ ಮಾತುಕತೆ ಸಾಮಾನ್ಯವಾಗಿ ಈ ಮೂರರಲ್ಲೂ ಸೋಲುತ್ತದೆ.

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಂದು ಜಾರಿಗೆ ಬಂತು. ಅದರ 21ನೇ ಕಲಂನ 4ನೇ ಉಪಕಲಂ ಪ್ರಕಾರ, ದೇಹದ ಕಾಯಿಲೆಗೆ ಯಾವ ಆಧಾರದ ಮೇಲೆ ವಿಮೆ ಕೊಡಲಾಗುತ್ತದೋ ಅದೇ ಆಧಾರದ ಮೇಲೆ ಮಾನಸಿಕ ಕಾಯಿಲೆಗೂ ಪ್ರತಿಯೊಂದು ವಿಮಾ ಕಂಪನಿ ವಿಮೆ ಕೊಡಬೇಕು. ವಿಮಾ ನಿಯಂತ್ರಣ ಪ್ರಾಧಿಕಾರ ಅದೇ ವರ್ಷದ ಆಗಸ್ಟ್‌ನಲ್ಲಿ ಕಂಪನಿಗಳಿಗೆ ಸುತ್ತೋಲೆ ಕಳಿಸಿತು. ಆದರೂ ಹಲವು ಕಂಪನಿಗಳು ಮನೋರೋಗವನ್ನು ಹೊರಗಿಡುವ ಹಳೆಯ ಷರತ್ತನ್ನೇ ಮುಂದುವರಿಸಿದವು. 2021ರಲ್ಲಿ ದೆಹಲಿ ಹೈಕೋರ್ಟ್ ಮುಂದೆ ಇಂಥದೇ ಪ್ರಕರಣ ಬಂತು. ಆಸ್ಪತ್ರೆಯಲ್ಲಿ ದಾಖಲಾಗಿ ಮನೋರೋಗಕ್ಕೆ ಚಿಕಿತ್ಸೆ ಪಡೆದ ಮಹಿಳೆಯೊಬ್ಬರ ಕ್ಲೇಮನ್ನು ಕಂಪನಿ ತಳ್ಳಿಹಾಕಿತ್ತು. ಕಾಯ್ದೆ ಜಾರಿಗೆ ಬಂದ ದಿನದಿಂದಲೇ ಕಂಪನಿಗಳು ಅದಕ್ಕೆ ಬದ್ಧ ಎಂದು ನ್ಯಾಯಾಲಯ ಹೇಳಿ ಆಕೆಯ ಪರ ತೀರ್ಪು ಕೊಟ್ಟಿತು. ಆಮೇಲೆ 2022ರ ಅಕ್ಟೋಬರ್ 31ರೊಳಗೆ ಎಲ್ಲ ಪಾಲಿಸಿಗಳೂ ಈ ಕಾಯ್ದೆಗೆ ತಕ್ಕಂತೆ ಬದಲಾಗಬೇಕೆಂದು ಪ್ರಾಧಿಕಾರ ಗಡುವು ಹಾಕಿತು. ಇಂದು ಯಾವುದಾದರೂ ಏಜೆಂಟ್ ಮಾನಸಿಕ ಕಾಯಿಲೆಗೆ ಇನ್ಶೂರೆನ್ಸ್ ಬರುವುದೇ ಇಲ್ಲ ಎಂದರೆ ಆತ ಹೇಳುತ್ತಿರುವುದು ಹಳೆಯ ಕಾಲದ ಮಾತು.

ಹಾಗಾದರೆ ಕೌನ್ಸೆಲಿಂಗ್ ಯಾಕೆ ಬರುವುದಿಲ್ಲ? ಕಾರಣ ಕಾಯ್ದೆ ಹೇಳಿದ ಸಮಾನತೆಯಲ್ಲೇ ಇದೆ. ನಮ್ಮ ಬಹುತೇಕ ಪಾಲಿಸಿಗಳು ಕನಿಷ್ಠ 24 ಗಂಟೆ ದಾಖಲಾದ ಚಿಕಿತ್ಸೆಗೆ ಹಣ ಕೊಡುತ್ತವೆ. ಜ್ವರಕ್ಕೆ ಡಾಕ್ಟರ ಬಳಿ ಹೋಗಿ ಫೀಸು ಕೊಟ್ಟು ಬಂದರೆ ಹೇಗೆ ಸಿಗುವುದಿಲ್ಲವೋ, ಮನಸ್ಸಿನ ನೋವಿಗೆ ಕೌನ್ಸೆಲರ್ ಮುಂದೆ ಮುಕ್ಕಾಲು ಗಂಟೆ ಕೂತು ಬಂದರೂ ಹಾಗೆಯೇ ಸಿಗುವುದಿಲ್ಲ. ಎರಡೂ ಹೊರರೋಗಿ ಸೇವೆ. ಆದರೆ ದೇಹದ ಕಾಯಿಲೆಯಲ್ಲಿ ದೊಡ್ಡ ಖರ್ಚು ಆಗುವುದು ದಾಖಲಾದಾಗ. ಮನಸ್ಸಿನ ಕಾಯಿಲೆಯಲ್ಲಿ ಹೆಚ್ಚಿನವರು ದಾಖಲಾಗುವುದೇ ಇಲ್ಲ, ತಿಂಗಳುಗಟ್ಟಲೆ ಹೋಗಿಬರುತ್ತಾರೆ. ಅಳತೆಗೋಲು ಒಂದೇ ಆದರೂ ಒಬ್ಬರಿಗೆ ಅದು ದಕ್ಕುತ್ತದೆ, ಇನ್ನೊಬ್ಬರಿಗೆ ದಕ್ಕುವುದಿಲ್ಲ. ಕಾಯ್ದೆಯ ಉದ್ದೇಶಕ್ಕೆ ಇದು ನ್ಯಾಯ ಒದಗಿಸಿಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ಸದ್ಯಕ್ಕೆ ನಾವು ನಡೆಯಬೇಕಾದದ್ದು ಈ ಚೌಕಟ್ಟಿನೊಳಗೇ.

ಎರಡನೆಯ ತೊಡಕು ನೋಂದಣಿಯದು. ಕಾಯ್ದೆಯ ಲೆಕ್ಕದಲ್ಲಿ ಮಾನಸಿಕ ಆರೋಗ್ಯ ವೃತ್ತಿಪರರೆಂದರೆ ಮನೋವೈದ್ಯರು, ರಾಜ್ಯದ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಾಯಿತರಾದ ಕ್ಲಿನಿಕಲ್ ಸೈಕಾಲಜಿಸ್ಟ್, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು, ಮನೋವೈದ್ಯಕೀಯ ನರ್ಸ್‌ಗಳು, ಜೊತೆಗೆ ಆಯುರ್ವೇದ, ಹೋಮಿಯೋಪಥಿ, ಯುನಾನಿ, ಸಿದ್ಧ ಪದ್ಧತಿಗಳಲ್ಲಿ ಇದೇ ವಿಷಯದ ಸ್ನಾತಕೋತ್ತರ ಪದವೀಧರರು. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕಾದರೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐನ ರಿಜಿಸ್ಟರಿನಲ್ಲಿ ಹೆಸರಿರಬೇಕು. ಬೆಂಗಳೂರಿನಲ್ಲಿ ದೇವಶಾಸ್ತ್ರ ಕಲಿಸುವ ಹೆಸರಾಂತ ಸಂಸ್ಥೆಗಳಿವೆ. ಬೆನ್ಸನ್ ಟೌನ್‌ನ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜು 1910ರಿಂದ ನಡೆಯುತ್ತಿದೆ. ಸಭಾಪಾಲನೆ ಮತ್ತು ಸಮಾಲೋಚನೆಯನ್ನೇ ವಿಷಯವಾಗಿ ಓದಿ ಸೆರಾಂಪುರ ವಿಶ್ವವಿದ್ಯಾಲಯದ ಸ್ನಾತಕೋತ್ತರ ಪದವಿ ಪಡೆದವರಿದ್ದಾರೆ. ಅವರ ಓದು, ಅನುಭವ ಎರಡಕ್ಕೂ ನನಗೆ ಗೌರವವಿದೆ. ಆದರೂ ಆ ಪದವಿಯಿಂದ ಆರ್‌ಸಿಐ ಸಂಖ್ಯೆ ಸಿಗುವುದಿಲ್ಲ, ಸಂಖ್ಯೆ ಇಲ್ಲದ ಬಿಲ್ಲನ್ನು ಕಂಪನಿ ಮುಟ್ಟುವುದಿಲ್ಲ.

ಹಾಗೆಂದು ಕ್ರೈಸ್ತ ನಂಬಿಕೆಯ ಚೌಕಟ್ಟಿನಲ್ಲೇ ಸಹಾಯ ಬೇಕೆನ್ನುವವರು ಕೈಚೆಲ್ಲಬೇಕಿಲ್ಲ. ಕ್ರೈಸ್ತರೇ ಆದ ಮನೋವೈದ್ಯರು, ಕ್ಲಿನಿಕಲ್ ಸೈಕಾಲಜಿಸ್ಟರು ಈ ಊರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಕ್ಯಾಥೊಲಿಕ್ ಬಿಷಪರ ಸಮ್ಮೇಳನ ನಡೆಸುವ ಸೇಂಟ್ ಜಾನ್ಸ್‌ನಂಥ ಮಿಷನ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವೇ ಇದೆ. ಪರವಾನಗಿ ಇರುವ ವೃತ್ತಿಪರರು ರೋಗಿಯ ಇಚ್ಛೆಯಂತೆ ಆತನ ನಂಬಿಕೆಯನ್ನು ಗೌರವಿಸಿ ಮಾತಾಡಿದರೆ ವಿಮಾ ಕಂಪನಿಗೆ ಅದರಲ್ಲಿ ಆಕ್ಷೇಪವಿಲ್ಲ. ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಕೇಳಿಬಿಡಿ: ‘ನಿಮ್ಮ ಆರ್‌ಸಿಐ ನೋಂದಣಿ ಸಂಖ್ಯೆ ಬಿಲ್ಲಿನಲ್ಲಿ ಬರುತ್ತದೆಯೇ ಸರ್?’ ನೋಂದಾಯಿತರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಆರ್‌ಸಿಐ ಜಾಲತಾಣದಲ್ಲಿ ಹೆಸರು ಹಾಕಿ ನಾವೇ ಪರೀಕ್ಷಿಸಿಕೊಳ್ಳಲೂಬಹುದು.

ಅಮೆರಿಕದಲ್ಲಿರುವ ನಮ್ಮವರು ಅಲ್ಲಿ ಕ್ರಿಶ್ಚಿಯನ್ ಕೌನ್ಸೆಲಿಂಗ್‌ಗೆ ಇನ್ಶೂರೆನ್ಸ್ ಸಿಗುತ್ತದೆ ಎಂದು ಹೇಳುವುದುಂಟು. ಅದರ ಒಳಗೂ ಇದೇ ಸೂತ್ರವಿದೆ. ಅಲ್ಲಿ ಆಯಾ ರಾಜ್ಯದ ಲೈಸೆನ್ಸ್ ಪಡೆದ ಕೌನ್ಸೆಲರ್ ಕ್ರೈಸ್ತರಾಗಿದ್ದರೆ, ರೋಗನಿರ್ಣಯ ಬರೆದಿದ್ದರೆ, ಕಂಪನಿಯ ನೆಟ್‌ವರ್ಕಿನಲ್ಲಿದ್ದರೆ ಹಣ ಬರುತ್ತದೆ. ಲೈಸೆನ್ಸ್ ಇಲ್ಲದ ಪಾಸ್ಟರ್ ಬೈಬಲ್ ಆಧಾರದಲ್ಲಿ ಕೊಡುವ ಸಲಹೆಗೆ ಅಲ್ಲೂ ಬರುವುದಿಲ್ಲ. ವ್ಯತ್ಯಾಸ ಏನೆಂದರೆ ಅಲ್ಲಿಯ ಪಾಲಿಸಿಗಳಲ್ಲಿ ಹೊರರೋಗಿ ಸೇವೆ ಸಾಮಾನ್ಯ. ನಮ್ಮಲ್ಲಿ ಅದನ್ನು ಬೇರೆಯಾಗಿ ಕೊಳ್ಳಬೇಕು.

ಚಿಕಿತ್ಸೆಯೂ ಪಾಲನಾ ಸೇವೆಯೂ ಜೊತೆಜೊತೆಗೆ ಸಿಗುವುದಕ್ಕೆ ಹೆಬ್ಬಾಳದಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ. ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟ್ ಮಿಷನ್ 1973ರಲ್ಲಿ ಆರಂಭಿಸಿದ ಬ್ಯಾಂಗಲೂರ್ ಬ್ಯಾಪ್ಟಿಸ್ಟ್ ಆಸ್ಪತ್ರೆಯನ್ನು ಯಲಹಂಕದ ಕಡೆಯ ಜನರೆಲ್ಲ ಬಲ್ಲರು. ಇಂಥ ಮಿಷನ್ ಆಸ್ಪತ್ರೆಗಳಲ್ಲಿ ಚಾಪ್ಲಿನ್‌ಗಳು, ಅಂದರೆ ಆಸ್ಪತ್ರೆಯ ಪಾದ್ರಿಗಳು ಇರುತ್ತಾರೆ. ರೋಗಿಯ ಮಂಚದ ಬಳಿ ಕುರ್ಚಿ ಎಳೆದುಕೊಂಡು ಕೂರುತ್ತಾರೆ, ಹೇಳಿದ್ದನ್ನು ಕೇಳುತ್ತಾರೆ, ಬೇಕೆಂದವರಿಗೆ ಪ್ರಾರ್ಥಿಸುತ್ತಾರೆ. ಇದು ಹವ್ಯಾಸಿ ಕೆಲಸವಲ್ಲ. 1925ರಲ್ಲಿ ಅಮೆರಿಕದ ವೂಸ್ಟರ್ ಮನೋರೋಗ ಆಸ್ಪತ್ರೆಯಲ್ಲಿ ಆಂಟನ್ ಬಾಯ್ಸನ್ ಎಂಬ ಚಾಪ್ಲಿನ್ ದೇವಶಾಸ್ತ್ರದ ವಿದ್ಯಾರ್ಥಿಗಳನ್ನು ವಾರ್ಡಿಗೇ ಕರೆದೊಯ್ದು ಕಲಿಸಲು ಶುರುಮಾಡಿದರು. ಅವರು ಸ್ವತಃ ಮನೋರೋಗದಿಂದ ಆಸ್ಪತ್ರೆ ಸೇರಿ ಚೇತರಿಸಿಕೊಂಡವರು. ಅಲ್ಲಿಂದ ಬೆಳೆದ ಕ್ಲಿನಿಕಲ್ ಪ್ಯಾಸ್ಟೊರಲ್ ಎಜುಕೇಶನ್ ಎಂಬ ತರಬೇತಿ ಭಾರತಕ್ಕೂ ಬಂದಿದೆ. ಭಾರತೀಯ ಕ್ರೈಸ್ತ ವೈದ್ಯಕೀಯ ಸಂಘದಲ್ಲಿ ಡಾಕ್ಟರು, ನರ್ಸುಗಳಂತೆ ಚಾಪ್ಲಿನ್‌ಗಳಿಗೂ ಒಂದು ವಿಭಾಗವಿದೆ. ಹಾಗಿದ್ದೂ ಡಿಸ್ಚಾರ್ಜ್ ಬಿಲ್ಲಿನಲ್ಲಿ ಚಾಪ್ಲಿನ್ ಹೆಸರಿಗೆ ಸಾಲು ಇರುವುದಿಲ್ಲ; ಅದು ಆಸ್ಪತ್ರೆ ತನ್ನ ಸೇವೆಯ ಭಾಗವಾಗಿ ಕೊಡುವುದು. ರೋಗಿಗೆ ಬೇಕಾದ ಎರಡೂ ಒಂದೇ ಸೂರಿನಡಿ ಸಿಗುವುದು ಇಂಥ ಕಡೆಯೇ: ವಿಮೆ ಭರಿಸುವ ವೈದ್ಯಕೀಯ, ಹಣ ಕೇಳದ ಪಾಲನಾ ಸೇವೆ.

ಇಲ್ಲಿ ಪಾಲಿಸಿ ಪುಸ್ತಕದ ಒಂದು ಪುಟವನ್ನು ಹತ್ತಿರದಿಂದ ನೋಡಬೇಕು. 2019ರ ಸೆಪ್ಟೆಂಬರ್ 27ರಂದು ವಿಮಾ ನಿಯಂತ್ರಣ ಪ್ರಾಧಿಕಾರ, ಯಾವ ಯಾವ ಖರ್ಚನ್ನು ಕೊಡುವುದಿಲ್ಲ ಎಂದು ಬರೆಯುವಾಗ ಎಲ್ಲ ಕಂಪನಿಗಳೂ ಒಂದೇ ಮಾತು, ಒಂದೇ ಕೋಡ್ ಬಳಸಬೇಕೆಂದು ನಿಯಮ ಮಾಡಿತು. ಅದರ 5ನೇ ಕೋಡ್ ವಿಶ್ರಾಂತಿ ಮತ್ತು ಪುನರ್ವಸತಿ ಆರೈಕೆಯದು. ಅದರ ಕೊನೆಯ ಸಾಲಿನ ಅರ್ಥ ಹೀಗಿದೆ: ಗುಣವಾಗದ ಕಾಯಿಲೆಯಿಂದ ಸಾವಿನತ್ತ ಸಾಗಿರುವವರ ದೈಹಿಕ, ಸಾಮಾಜಿಕ, ಭಾವನಾತ್ಮಕ ಮತ್ತು ಆಧ್ಯಾತ್ಮಿಕ ಅಗತ್ಯಗಳಿಗಾಗಿ ನೀಡುವ ಸೇವೆಗಳಿಗೆ ಹಣವಿಲ್ಲ. ಆಧ್ಯಾತ್ಮಿಕ ಅಗತ್ಯವನ್ನು ಪಾಲಿಸಿ ಹೆಸರಿಸುವುದೇ ಅದನ್ನು ಹೊರಗಿಡುವುದಕ್ಕಾಗಿ. ಕ್ಯಾನ್ಸರಿನ ಕೊನೆಯ ದಿನಗಳಲ್ಲಿ ಮನೆಯವರಿಗೂ ರೋಗಿಗೂ ಅತ್ಯಂತ ಬೇಕಾಗುವುದು ಇದೇ ನಾಲ್ಕು ಬಗೆಯ ಆಸರೆ. ಈ ಸಾಲು ಬದಲಾಗಬೇಕು. ಅಲ್ಲಿಯವರೆಗೆ, ಅಂಥ ರೋಗಿ ಮನೆಯಲ್ಲಿದ್ದರೆ ಚರ್ಚಿನವರನ್ನು ಕರೆಯಲು ಹಿಂಜರಿಯಬೇಡಿ. ಅವರು ಬರುವುದು ಬಿಲ್ಲಿಗಾಗಿ ಅಲ್ಲ.

ಅದೇ ಪಟ್ಟಿಯ 12ನೇ ಕೋಡ್ ಇನ್ನೂ ಹೆಚ್ಚು ಮನೆಗಳಿಗೆ ತಟ್ಟುತ್ತದೆ. ಮದ್ಯ, ಮಾದಕವಸ್ತು ಅಥವಾ ಯಾವುದೇ ಚಟದ ಚಿಕಿತ್ಸೆಗೆ ಮತ್ತು ಅದರ ಪರಿಣಾಮಗಳಿಗೆ ಹಣವಿಲ್ಲ ಎನ್ನುತ್ತದೆ ಅದು. ಆದರೆ 2017ರ ಕಾಯ್ದೆ ಮಾನಸಿಕ ಕಾಯಿಲೆಯ ವ್ಯಾಖ್ಯೆಯಲ್ಲೇ ಮದ್ಯ ಮತ್ತು ಮಾದಕವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನು ಸೇರಿಸಿದೆ. ಕಾಯ್ದೆ ಕಾಯಿಲೆ ಎನ್ನುತ್ತದೆ, ಪಾಲಿಸಿ ಚಟ ಎನ್ನುತ್ತದೆ. ನಡುವೆ ಸಿಕ್ಕಿಕೊಳ್ಳುವುದು ಕುಟುಂಬ. ಕುಡಿತ ಬಿಡಿಸಲು ಜನ ಪ್ರಾರ್ಥನಾ ಕೇಂದ್ರಗಳಿಗೆ, ತಿಂಗಳುಗಟ್ಟಲೆ ಇರಿಸಿಕೊಳ್ಳುವ ಪುನರ್ವಸತಿ ಮನೆಗಳಿಗೆ ಕಳಿಸುತ್ತಾರೆ. ಅಲ್ಲಿಯ ಖರ್ಚಿಗೆ ವಿಮೆಯನ್ನು ನಂಬಿ ಕೂರಬೇಡಿ. ಪಾಲಿಸಿಯ ಪ್ರಕಾರ ಆಸ್ಪತ್ರೆ ಎಂದರೆ ಕಾನೂನಿನಡಿ ನೋಂದಾಯಿತವಾಗಿರಬೇಕು, ಇಲ್ಲವೇ ಬೆಂಗಳೂರಿನಂಥ ದೊಡ್ಡ ಊರಿನಲ್ಲಿ ಕನಿಷ್ಠ 15 ಹಾಸಿಗೆ, ಹಗಲುರಾತ್ರಿ ಡಾಕ್ಟರು, ನರ್ಸು, ಸ್ವಂತ ಆಪರೇಶನ್ ಥಿಯೇಟರ್ ಇರಬೇಕು. ಹಣಕ್ಕಿಂತ ದೊಡ್ಡ ವಿಷಯ ಒಂದಿದೆ. ಬಹಳ ವರ್ಷ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್, ಭ್ರಮೆ ಬರಬಹುದು, ಜೀವಕ್ಕೇ ಕುತ್ತಾಗಬಹುದು. ಆ ಮೊದಲ ವಾರ ಡಾಕ್ಟರ ಕಣ್ಗಾವಲಿನಲ್ಲೇ ಕಳೆಯಬೇಕು. ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಪ್ರಾರ್ಥನೆ, ಸಾಕ್ಷಿ, ಸಭೆಯ ಬೆಂಬಲ ಆಮೇಲಿನ ದೀರ್ಘ ದಾರಿಯಲ್ಲಿ ನಿಜಕ್ಕೂ ಕೆಲಸಕ್ಕೆ ಬರುತ್ತವೆ, ಮೊದಲ ವಾರದ ಔಷಧಿಯ ಬದಲಿಗೆ ಬರುವುದಿಲ್ಲ.

ಇನ್ನು ಹಣ ಸಿಗುವ ದಾರಿಗಳು. ಎಲ್ಲಕ್ಕಿಂತ ಸುಲಭದ್ದು ಬಹುಜನ ಮರೆಯುವುದು: ಕೆಲಸ ಮಾಡುವ ಕಂಪನಿಯ ನೌಕರರ ನೆರವು ಯೋಜನೆ, ಇಎಪಿ. ಮಾನ್ಯತಾ ಟೆಕ್ ಪಾರ್ಕಿನಲ್ಲೋ ವಿಮಾನ ನಿಲ್ದಾಣದ ರಸ್ತೆಯ ಕಚೇರಿಗಳಲ್ಲೋ ದುಡಿಯುವವರಲ್ಲಿ ಅನೇಕರಿಗೆ ಈ ಸೌಲಭ್ಯ ಇರುತ್ತದೆ. ವರ್ಷಕ್ಕೆ ಇಷ್ಟು ಎಂದು ಉಚಿತ ಸೆಷನ್‌ಗಳು, ಮನೆಯವರಿಗೂ ಸೇರಿ. ಇದು ವಿಮೆಯಲ್ಲ, ಹಾಗಾಗಿ ಕ್ಲೇಮ್ ಅರ್ಜಿಯ ತಲೆನೋವಿಲ್ಲ. ಕನ್ನಡ ಮಾತಾಡುವ, ಬೇಕೆಂದರೆ ಕ್ರೈಸ್ತ ಹಿನ್ನೆಲೆಯ ಕೌನ್ಸೆಲರನ್ನು ಕೇಳಿ ನೋಡಬಹುದು. ಎರಡನೆಯದು ಒಪಿಡಿ ಕವರ್, ಅಂದರೆ ಹೊರರೋಗಿ ಸೇವೆಗೆ ವಿಮೆ. ಕೆಲವು ಪಾಲಿಸಿಗಳಲ್ಲಿ ಇದನ್ನು ಹೆಚ್ಚುವರಿ ಪ್ರೀಮಿಯಂ ಕೊಟ್ಟು ಸೇರಿಸಿಕೊಳ್ಳಬಹುದು. ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆ ‘ಮಾನಸಿಕ ಕಾಯಿಲೆ ಬರುತ್ತದೆಯೇ’ ಎಂಬುದಲ್ಲ, ಏಕೆಂದರೆ ಉತ್ತರ ಹೌದು ಎಂದೇ ಬರುತ್ತದೆ. ಮನೋವೈದ್ಯರ ಕನ್ಸಲ್ಟೇಶನ್ ಮಾತ್ರವೋ, ಸೈಕಾಲಜಿಸ್ಟರ ಥೆರಪಿಯೂ ಸೇರಿದೆಯೋ, ವರ್ಷಕ್ಕೆ ಎಷ್ಟು ರೂಪಾಯಿ ಮಿತಿ ಎಂದು ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ.

ಮೂರನೆಯದು ದಾಖಲಾತಿಯ ನಂತರದ ದಿನಗಳು. ಒಂದು ಲೆಕ್ಕ ಇಟ್ಟುಕೊಳ್ಳೋಣ. ತೀವ್ರ ಖಿನ್ನತೆಯಿಂದ ಒಬ್ಬರು ಆಸ್ಪತ್ರೆಯಲ್ಲಿದ್ದು ಜೂನ್ 1ರಂದು ಮನೆಗೆ ಬಂದರು. ಪಾಲಿಸಿಯಲ್ಲಿ ಡಿಸ್ಚಾರ್ಜ್ ನಂತರದ 60 ದಿನಗಳ ಖರ್ಚು ಸೇರಿದ್ದರೆ ಜುಲೈ 31ರವರೆಗೆ ಅದೇ ಕಾಯಿಲೆಗೆ ಆಗುವ ಡಾಕ್ಟರ ಫೀಸು, ಔಷಧಿಯನ್ನು ಕೇಳಬಹುದು. ಡಿಸ್ಚಾರ್ಜ್ ಸಾರಾಂಶದಲ್ಲಿ ಮನೋವೈದ್ಯರು ‘ಕ್ಲಿನಿಕಲ್ ಸೈಕಾಲಜಿಸ್ಟರಿಂದ ವಾರಕ್ಕೊಂದು ಸೈಕೊಥೆರಪಿ’ ಎಂದು ಸ್ಪಷ್ಟವಾಗಿ ಬರೆದಿದ್ದರೆ ಆ ಎಂಟು ವಾರಗಳ ಥೆರಪಿಯ ಬಿಲ್ಲಿಗೂ ಬಲ ಬರುತ್ತದೆ. ಆ ಒಂದು ಸಾಲು ಇಲ್ಲದಿದ್ದರೆ ಅದೇ ಬಿಲ್ಲು ವಾಪಸು ಬರುವ ಸಾಧ್ಯತೆಯೇ ಹೆಚ್ಚು. ಬಿಡುಗಡೆಯ ದಿನದ ಗಡಿಬಿಡಿಯಲ್ಲೂ ಡಾಕ್ಟರ ಬಳಿ ನಿಂತು ಆ ಸಾಲು ಬರೆಸಿಕೊಳ್ಳಿ.

ಬಿಲ್ಲು ಅಂದೆನಲ್ಲ, ಚರ್ಚಿಗೆ ಸೇರಿದ ಕೇಂದ್ರಗಳಲ್ಲಿ ಇದೇ ಎಡವುವ ಜಾಗ. ನೋಂದಾಯಿತ ಸೈಕಾಲಜಿಸ್ಟರೇ ಅಲ್ಲಿ ಕೂತಿದ್ದರೂ ಹಣಕ್ಕೆ ಕೊಡುವ ರಸೀದಿ ಕೆಲವೊಮ್ಮೆ ಟ್ರಸ್ಟಿನ ಹೆಸರಿನಲ್ಲಿ, ‘ಕಾಣಿಕೆ’ ಅಥವಾ ‘ದೇಣಿಗೆ’ ಎಂದು ಇರುತ್ತದೆ. ದೇಣಿಗೆಯ ರಸೀದಿಗೆ ಯಾವ ವಿಮಾ ಕಂಪನಿಯೂ ಹಣ ಕೊಡುವುದಿಲ್ಲ. ಬೇಕಾದದ್ದು ಬಿಲ್ ಸಂಖ್ಯೆ, ದಿನಾಂಕ, ರೋಗಿಯ ಹೆಸರು, ‘ಸೈಕೊಥೆರಪಿ ಶುಲ್ಕ’ ಎಂಬ ಸ್ಪಷ್ಟ ವಿವರ, ವೃತ್ತಿಪರರ ಹೆಸರು, ನೋಂದಣಿ ಸಂಖ್ಯೆ, ಸಹಿ. ಜೊತೆಗೆ ಮನೋವೈದ್ಯರ ಚೀಟಿ. ಕೇಂದ್ರ ನಡೆಸುವ ಸಭೆಯ ಕಮಿಟಿಯವರು ರಸೀದಿ ಪುಸ್ತಕವನ್ನು ಹೀಗೆ ಅಚ್ಚು ಹಾಕಿಸಿದರೆ ಎಷ್ಟೋ ಕುಟುಂಬಗಳಿಗೆ ಉಪಕಾರವಾದೀತು.

ಖಾಸಗಿ ಪಾಲಿಸಿ ಇಲ್ಲದವರಿಗೂ ದಾರಿಯಿದೆ, ಕೆಲವೊಮ್ಮೆ ಹೆಚ್ಚು ಚೆನ್ನಾದದ್ದು. ದೊಡ್ಡಬಳ್ಳಾಪುರ ರಸ್ತೆಯ ಕಡೆ ಗಾರ್ಮೆಂಟ್ಸ್‌ಗೆ ಹೋಗುವ, ತಿಂಗಳ ಸಂಬಳ 21,000 ರೂಪಾಯಿ ಮೀರದ ಕೆಲಸಗಾರರಿಗೆ ನೌಕರರ ರಾಜ್ಯ ವಿಮೆ, ಅಂದರೆ ಇಎಸ್‌ಐ ಇರುತ್ತದೆ. ಸಂಬಳದಲ್ಲಿ ಕಡಿತವಾಗುವುದು ಶೇ. 0.75 ಮಾತ್ರ, ಮಾಲೀಕರು ಶೇ. 3.25 ಸೇರಿಸುತ್ತಾರೆ. ಇಎಸ್‌ಐನಲ್ಲಿ ಹೊರರೋಗಿ ಚಿಕಿತ್ಸೆ, ಔಷಧಿ ಎಲ್ಲವೂ ಸೇರಿದೆ. ಐದು ಲಕ್ಷ, ಹತ್ತು ಲಕ್ಷದ ಮಿತಿಯಿಲ್ಲ. ಸ್ಕಿಜೋಫ್ರೇನಿಯಾದಂಥ ತೀವ್ರ ಮನೋರೋಗ ದೀರ್ಘಕಾಲದ ಕಾಯಿಲೆಗಳ ಪಟ್ಟಿಯಲ್ಲಿದ್ದು, ಷರತ್ತು ಪೂರೈಸಿದವರಿಗೆ ಸಂಬಳದ ಶೇ. 80ರಷ್ಟು ಎರಡು ವರ್ಷದವರೆಗೆ ಸಿಗಬಹುದು. ಸಾಫ್ಟ್‌ವೇರ್ ಎಂಜಿನಿಯರ್‌ಗೆ ಇಲ್ಲದ ಭದ್ರತೆ ಇದು. ಯಾವ ಕಾರ್ಡೂ ಇಲ್ಲದವರು 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ ಅದು. ಹಗಲುರಾತ್ರಿ, ಉಚಿತ, ಕನ್ನಡದಲ್ಲೇ. ಪಾಸ್ಟರುಗಳೂ ಈ ಸಂಖ್ಯೆ ಇಟ್ಟುಕೊಂಡಿರಬೇಕು. ಸಾಯುವ ಮಾತಾಡುವವರು, ಇಲ್ಲದ ದನಿ ಕೇಳಿಸುತ್ತದೆ ಎನ್ನುವವರು, ಊಟ ನಿದ್ದೆ ಬಿಟ್ಟವರು ಮುಂದೆ ಬಂದಾಗ ಪ್ರಾರ್ಥಿಸಿ ಕಳಿಸಿದರೆ ಸಾಲದು, ಅಂದೇ ಡಾಕ್ಟರ ಬಳಿ ಜೊತೆಗೆ ಹೋಗಬೇಕು.

ಹೊಸ ಪಾಲಿಸಿ ಮಾಡಿಸುವವರು ಅರ್ಜಿಯಲ್ಲಿ ಮನೋವೈದ್ಯರ ಚಿಕಿತ್ಸೆಯನ್ನು ಮುಚ್ಚಿಡಬಾರದು. ಸಂಕೋಚ ಅರ್ಥವಾಗುವಂಥದ್ದೇ, ಆದರೆ ಮುಚ್ಚಿಟ್ಟದ್ದು ಕ್ಲೇಮ್ ಹೊತ್ತಿಗೆ ಹೊರಬಿದ್ದರೆ ಪಾಲಿಸಿಯೇ ಹೋಗಬಹುದು. ಹೇಳಿದರೆ ಆ ಕಾಯಿಲೆಗೆ ಕಾಯುವ ಅವಧಿ ಹಾಕುತ್ತಾರೆ. 2024ರ ನಿಯಮದ ಪ್ರಕಾರ ಅದು 36 ತಿಂಗಳು ಮೀರುವಂತಿಲ್ಲ. ಪಾಲಿಸಿ ಕೈಗೆ ಬಂದ ಮೇಲೆ ಷರತ್ತು ಓದಿ ಬೇಡವೆನಿಸಿದರೆ ಹಿಂದಿರುಗಿಸಲು 30 ದಿನ ಇದೆ.

ಕ್ಲೇಮ್ ತಿರಸ್ಕಾರವಾದರೆ ಕಾರಣವನ್ನು ಬರಹದಲ್ಲಿ ಕೇಳಿ ಪಡೆಯಿರಿ. ‘ಮನೋರೋಗ ಸೇರಿಲ್ಲ’ ಎಂದಷ್ಟೇ ಬರೆದಿದ್ದರೆ 21(4)ನೇ ಕಲಂ ಹೆಸರಿಸಿ ಕಂಪನಿಯ ದೂರು ಅಧಿಕಾರಿಗೆ ಪತ್ರ ಕೊಡಿ. ತಿಂಗಳೊಳಗೆ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ಓಂಬುಡ್ಸ್‌ಮನ್ ಇದ್ದಾರೆ; ಕರ್ನಾಟಕದ ಕಚೇರಿ ಜೆ.ಪಿ. ನಗರ ಮೊದಲ ಹಂತದ ಜೀವನ್ ಸೌಧದಲ್ಲಿದೆ. 50 ಲಕ್ಷ ರೂಪಾಯಿವರೆಗಿನ ತಕರಾರು ಅಲ್ಲಿ ನಡೆಯುತ್ತದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ಕಂಪನಿ ಕೊನೆಯದಾಗಿ ಇಲ್ಲವೆಂದ ದಿನದಿಂದ ಒಂದು ವರ್ಷದೊಳಗೆ ಹೋಗಬೇಕು. ಡಿಸ್ಚಾರ್ಜ್ ಸಾರಾಂಶ, ಮನೋವೈದ್ಯರ ಚೀಟಿ, ನೋಂದಣಿ ಸಂಖ್ಯೆಯಿರುವ ಬಿಲ್ಲುಗಳು, ತಿರಸ್ಕಾರ ಪತ್ರ, ಪಾಲಿಸಿಯ ಪ್ರತಿ ಇವಿಷ್ಟನ್ನು ಒಂದು ಫೈಲಿನಲ್ಲಿ ಜೋಡಿಸಿಕೊಂಡು ಹೋಗಿ.